ಕುಡಿ ಅಂದರೆ ಎಡಗಡೆ

ಬಾಲಾನಗರದಲ್ಲಿ ನಮ್ಮ ಮನೆಯ ಹೊಸ್ತಿಲೇ ಕನ್ನಡದ ಗಡಿ. ಒಳಗೆ ಗದಗಿನ ಮಾತು, ಹೊರಗೆ ತೆಲುಗು, ಇಲ್ಲವೇ ಹಿಂದಿ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಗೆ ಸೇರಿ ಬಂದವರು. ಬಸ್ಸಿನಲ್ಲಿ ನಾನು ಕನ್ನಡದಲ್ಲಿ ಬಾಯಿ ತೆರೆದರೆ ಅವ್ವ ತೊಡೆ ಚಿವುಟುತ್ತಿದ್ದಳು. "ಹೊರಗ ನಮ್ಮ ಮಾತು ಬ್ಯಾಡವಾ, ಮಂದಿ ನಗತಾರ." ನಗುತ್ತಿದ್ದದ್ದು ಸುಳ್ಳಲ್ಲ. ಶಾಲೆಯಲ್ಲೊಮ್ಮೆ ಬಾಯ್ತಪ್ಪಿ "ಐತಿ" ಅಂದದ್ದಕ್ಕೆ ವರ್ಷವಿಡೀ ನನ್ನನ್ನು ಐತಿ ಎಂದೇ ಕರೆದರು. ಇವರ ಹಲ್ಲು ಉದುರಲಿ ಎಂದು ಆಗ ಹಾಕಿದ ಶಾಪ ಈಗಲೂ ಜಾರಿಯಲ್ಲಿದೆ.

ಮುಂದೆ ನಾನು ಸೇರಿದ್ದು ವರ್ಕ್‌ಶಾಪುಗಳ ನಡುವಿನ ಒಂದು ಪುಟ್ಟ ಕಾಲೇಜು. ಮೈದಾನದಲ್ಲಿ ಹುಲ್ಲಿಗಿಂತ ಜಲ್ಲಿ ಜಾಸ್ತಿ. ಅಮೆರಿಕನ್ ಫುಟ್‌ಬಾಲ್ ಆಗಷ್ಟೇ ನಗರಕ್ಕೆ ಕಾಲಿಟ್ಟಿತ್ತು, ನಮ್ಮ ಪಿ.ಟಿ. ಸರ್ ಎಲ್ಲಿಂದಲೋ ಒಂದು ಚೆಂಡು ತಂದು ಹುಡುಗಿಯರ ತಂಡ ಕಟ್ಟಿಬಿಟ್ಟರು. ಹೆಸರು ಫುಟ್‌ಬಾಲ್, ಚೆಂಡು ಮಾತ್ರ ಕೈಯಲ್ಲೇ. ನಾವು ಆಡುತ್ತಿದ್ದ ಬಗೆಯಲ್ಲಿ ಯಾರನ್ನೂ ಕೆಡವುವಂತಿಲ್ಲ. ಸೊಂಟಕ್ಕೆ ಬಟ್ಟೆಯ ಪಟ್ಟಿಗಳನ್ನು ಸಿಕ್ಕಿಸಿಕೊಂಡಿರುತ್ತೇವೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ಮುಗಿಯಿತು. ಪಟ್ಟಿ ಉಳಿಸಿಕೊಂಡು ಕೊನೆಯ ಗೆರೆ ದಾಟಿದರೆ ಅಂಕ. ಹುಡುಗಿಯರಿಗೆ ಇದು ಮರ್ಯಾದೆಯಲ್ಲ ಎಂದ ಮೇಷ್ಟ್ರೂ ಇದ್ದರು. "ಸಿಟಿ ಬಸ್ಸಿನಲ್ಲಿ ಹೋಗದ ಮರ್ಯಾದೆ ಇಲ್ಲಿ ಹೋಗುತ್ತಾ ಸಾರ್?" ಎಂದು ನನ್ನ ಗೆಳತಿ ಹಿಂದಿಯಲ್ಲಿ ಕೇಳಿದಳು. ನಾಂಪಲ್ಲಿಯ ಹುಡುಗಿ, ಮನೆಮಾತು ದಖನಿ ಉರ್ದು, ಓಟದಲ್ಲಿ ಅವಳನ್ನು ಮೀರಿಸುವವರಿಲ್ಲ.

ನಾನು ಚೆಂಡು ಹಂಚುವವಳು. ಯಾವ ಕಡೆ ಓಡಬೇಕು ಎಂದು ಮೊದಲೇ ಗುಂಪುಗೂಡಿ ಪಿಸುಗುಟ್ಟುತ್ತಿದ್ದೆವು. ಆದರೆ ಎದುರಿನವರು ನಿಂತ ರೀತಿ ನೋಡಿ ಕೊನೆಗಳಿಗೆಯಲ್ಲಿ ಬದಲಾಯಿಸಬೇಕಾದರೆ ಎಲ್ಲರೆದುರಿಗೇ ಕೂಗಬೇಕು, ಆಗ ಅವರಿಗೂ ತಿಳಿಯುತ್ತದೆ. ಅದೇ ದೊಡ್ಡ ತಲೆನೋವು.

ದಾರಿ ತೋರಿಸಿದ್ದು ನನ್ನದೇ ಎಡವಟ್ಟು. ರಾಜ್ಯ ಒಡೆಯಬೇಕು, ಬೇಡ ಎಂಬ ಜಗಳದಲ್ಲಿ ವಾರಕ್ಕೊಂದು ಬಂದ್ ಇದ್ದ ಕಾಲ. ಅಂಥದ್ದೊಂದು ಬಂದ್ ದಿನ ಅಭ್ಯಾಸ ಮಾಡುತ್ತಿದ್ದಾಗ ಗೆಳತಿ ಬಿಸಿಲಿಗೆ ಏದುಸಿರು ಬಿಡುತ್ತಿದ್ದಳು. ನಾನು ಗಾಬರಿಯಲ್ಲಿ ಎಡಗಡೆಯ ನಲ್ಲಿ ತೋರಿಸಿ "ಕುಡಿ, ಕುಡಿ!" ಎಂದು ಕನ್ನಡದಲ್ಲೇ ಕೂಗಿದೆ. ತೆಲುಗಿನಲ್ಲಿ ಕುಡಿ ಅಂದರೆ ಬಲಗಡೆ. ತಂಡದ ತೆಲುಗು ಹುಡುಗಿಯರೆಲ್ಲ ಬಲಕ್ಕೆ ಓಡಿದರು. ಗೆಳತಿ ನನ್ನ ಕೈ ನೋಡಿ ಚೆಂಡಿನ ಸಮೇತ ನಲ್ಲಿಯತ್ತ ಓಡಿದಳು. ಅವಳನ್ನು ತಡೆಯಲು ಆ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆವತ್ತಿನಿಂದ ನಮ್ಮ ಕೂಗೆಲ್ಲ ಕನ್ನಡವಾಯಿತು. "ಒಗಿ" ಅಂದರೆ ಎಸೆ. "ತಡಿ" ಅಂದರೆ ನಿಲ್ಲು; ತೆಲುಗಿನವರಿಗೆ ಅದು ಒದ್ದೆ. ಕುಡಿ ಅಂದರೆ ಎಡಗಡೆ ಎಂದೂ ಗೊತ್ತುಮಾಡಿಕೊಂಡೆವು, ಆದರೆ ನಮ್ಮ ತೆಲುಗು ಹುಡುಗಿಯರೇ ಎರಡರಲ್ಲಿ ಒಂದು ಸಲ ಬಲಕ್ಕೆ ಓಡಿಬಿಡುತ್ತಿದ್ದರು. ಹಾಗಾಗಿ ಪಂದ್ಯದಲ್ಲಿ ಆ ಮಾತು ಬೇಡ ಎಂದು ಸರ್ ತಾಕೀತು ಮಾಡಿದ್ದರು. ಮಿಕ್ಕ ಕೂಗುಗಳೇ ಸಾಕಾದವು. ಎದುರಿನ ತಂಡಗಳು ಕಣ್ಣುಕಣ್ಣು ಬಿಡುತ್ತಿದ್ದವು, ನಾವು ಗೆಲ್ಲುತ್ತಿದ್ದೆವು. ನಾನು ಗಂಟಲು ಹರಿಯುವಂತೆ, ಬಯಲಲ್ಲಿ, ನನ್ನ ಮಾತಿನಲ್ಲಿ ಕೂಗುತ್ತಿದ್ದೆ. ಆ ಖುಷಿಯ ಮುಂದೆ ಗೆಲುವು ಏನೂ ಅಲ್ಲ.

ಫೈನಲ್ ನಮ್ಮ ಮೈದಾನದಲ್ಲೇ, ಕೊಂಡಾಪುರದ ಕಾಲೇಜಿನ ಮೇಲೆ. ಅವರದ್ದು ಹೊಸ ಬೂಟು, ಹೊಸ ಜೆರ್ಸಿ. ಮೊದಲರ್ಧ ನಾವೇ ಮುಂದಿದ್ದೆವು. ವಿರಾಮದಲ್ಲಿ ಅವರ ಕೋಚ್ ಹೋಗಿ ರೆಫ್ರಿಯ ಕಿವಿಯೂದಿದ. ಟೂರ್ನಿ ನಡೆಸುತ್ತಿದ್ದವನೂ ಆ ರೆಫ್ರಿಯೇ. ಬಂದು ನನ್ನನ್ನು ಕೇಳಿದ: "ಇದೇಂ ಭಾಷ?" ಕನ್ನಡ ಅಂದೆ. ಇಂಗ್ಲಿಷು, ತೆಲುಗು, ಹಿಂದಿ ಬಿಟ್ಟು ಬೇರೆ ಮಾತು ಕೇಳಿಸಿದರೆ ನನ್ನನ್ನು ಹೊರಗೆ ಕಳಿಸುತ್ತೇನೆ ಎಂದ. ಯಾವ ನಿಯಮ ಎಂದೆ. ನಿಯಮ ಇರಲಿಲ್ಲ, ಸೀಟಿ ಇತ್ತು. ನಮ್ಮ ಸರ್ "ಸರ್ದುಕೋ ಅಮ್ಮಾ" ಎಂದು ಸಮಾಧಾನಕ್ಕೆ ಬಂದರು. ಹೊಂದಿಕೊಂಡು ಹೋಗು, ಹೊರಗೆ ಬೇಡ. ಅವ್ವನ ಮಾತೇ, ಭಾಷೆ ಬೇರೆ. ನನ್ನ ಮೈ ಉರಿದುಹೋಯಿತು.

ತೆಲುಗಿನಲ್ಲಿ ಕೂಗಿದೆ. ಕೂಗಿದ್ದೆಲ್ಲ ಅವರಿಗೆ ತಿಳಿಯಿತು, ನಮ್ಮ ಪಟ್ಟಿಗಳು ಒಂದೊಂದಾಗಿ ಕಿತ್ತುಬಂದವು. ಸಮಸಮವಾಯಿತು. ಉಳಿದದ್ದು ಒಂದೇ ಓಟದ ಅವಕಾಶ. ಬಲಕ್ಕೆ ಎಂದು ಪಿಸುಗುಟ್ಟಿಕೊಂಡು ಬಂದು ನಿಂತರೆ, ಎದುರಿನವರು ಆಗಲೇ ನಮ್ಮ ಬಲಕ್ಕೆ ದಟ್ಟೈಸಿದ್ದರು. ಎಡ ಖಾಲಿ. ಬದಲಾಯಿಸಲೇಬೇಕು. ರೆಫ್ರಿಯ ಮುಖ ನೋಡಿದೆ, ನೋಡುತ್ತಲೇ ಕೂಗಿದೆ: "ಕುಡಿ!"

ಅಪ್ಪಟ ತೆಲುಗು. ರೆಫ್ರಿ ಮೆಚ್ಚಿ ತಲೆದೂಗಿದ. ಎದುರಿನ ತಂಡ ಬಲಕ್ಕೆ ಇನ್ನಷ್ಟು ಒತ್ತಿತು. ಆದರೆ ಈ ಪದವನ್ನು ತೊಟ್ಟಿಲಿನಿಂದಲೂ ಬಲಗಡೆ ಎಂದು ಕೇಳಿಕೊಂಡು ಬೆಳೆದವರು ನಮ್ಮಲ್ಲೂ ಇದ್ದರು. ಅವರು ಎಡಕ್ಕೆ ಓಡಿದರು. ಒಬ್ಬಳೂ ತಪ್ಪಲಿಲ್ಲ. ತಮ್ಮ ತಾಯಿನುಡಿಯ ಮಾತನ್ನು ಆ ಗಳಿಗೆ ನನ್ನ ಮಾತಾಗಿ ಕೇಳಿಸಿಕೊಂಡರು. ಅವರ ಮರೆಯಲ್ಲಿ ಗೆಳತಿ ಚೆಂಡು ಹೊತ್ತು ಗೆರೆ ದಾಟಿದಳು. ನಾನು ಜಲ್ಲಿಯ ಮೇಲೆಯೇ ಕುಕ್ಕರಿಸಿ ಅತ್ತೆ.

ಗೆದ್ದ ಕಪ್ಪು ಕೊಡುವಾಗ ಅದೇ ರೆಫ್ರಿ ಮೈಕು ಚಾಚಿ, ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಎರಡು ಮಾತಾಡು ಎಂದ. ಈಗ ನನ್ನನ್ನು ಹೊರಗೆ ಕಳಿಸಲು ಅವನ ಹತ್ತಿರ ಆಟ ಉಳಿದಿರಲಿಲ್ಲ.

"ಹೊರಗ ಕನ್ನಡ ಮಾತಾಡಬ್ಯಾಡ ಅಂತಾಳ ನಮ್ಮವ್ವ," ಎಂದೆ. "ಇವತ್ತ ಮೈಕಿನ್ಯಾಗ ಮಾತಾಡಾಕತ್ತೀನಿ. ನಗೋರು ನಗ್ರಿ."

ಸಭೆ ಪಿಳಿಪಿಳಿ ನೋಡಿತು. ನಮ್ಮ ಹುಡುಗಿಯರು ಸೀಟಿ ಹೊಡೆದರು. ರೆಫ್ರಿ ಗೆಳತಿಯತ್ತ ಬಗ್ಗಿ, ಏನಂದಳು ಇವಳು ಎಂದು ಹಿಂದಿಯಲ್ಲಿ ಕೇಳಿದ.

ನಾಂಪಲ್ಲಿಯ ಆ ಹುಡುಗಿ ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಹೇಳಂಗಿಲ್ಲ ಹೋಗ್ರಿ," ಎಂದಳು.