ಹಣ್ಣಾದ ಮೇಲೆ ತಿಳಿದ ಹೆಸರು

"ರೀ, ಇದು ನುರುಕಲು ಕಣ್ರೀ!" ಎನ್ನುತ್ತಾ ತಿರುಗಿದೆ. ಚಾಮುಂಡಿ ಬೆಟ್ಟದ ತಪ್ಪಲಿನ ಆ ಹಾದಿಯಲ್ಲಿ ನನ್ನ ಹಿಂದೆ ಬರುತ್ತಿದ್ದವರು ಯಾರೋ ಅಪರಿಚಿತ ಹೆಂಗಸು.

ಮಳೆಗಾಲದಲ್ಲಿ ನಾನೂ ಯಜಮಾನರೂ ವಾಕಿಂಗ್ ಬಂದಾಗ, ದಪ್ಪ ಎಲೆಯ ಈ ಕಾಡುಗಿಡ ಯಾವುದೆಂದು ತಿಳಿಯದೆ ವಾದ ಮಾಡಿದ್ದೆವು. "ಹಣ್ಣು ಬಿಡ್ಲಿ ಕಣೇ, ಗೊತ್ತಾಗತ್ತೆ" ಎಂದಿದ್ದರು. ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಮೇಲೆ ಬಿಟ್ಟ ಬಿಳಿ ಹೂಗೊಂಚಲನ್ನು ನಾನೊಬ್ಬಳೇ ನೋಡಿದೆ. ಈಗ ಬೇಸಿಗೆಯಲ್ಲಿ, ಪುಟ್ಟ ಕಪ್ಪು ಹಣ್ಣಿನ ಬೀಜವನ್ನು ಕಲ್ಲಿನಿಂದ ಒಡೆದು ತಿರುಳನ್ನು ಬಾಯಿಗಿಟ್ಟಾಗ, ತವರಿನಲ್ಲಿ ತಿಂದ ಚಾರೋಳಿಯ ರುಚಿ ನೆನಪಾಗಿ, ಅಲ್ಲಿ ಅದಕ್ಕೆ ಕರೆಯುತ್ತಿದ್ದ ನುರುಕಲು ಎಂಬ ಹೆಸರು ಹೊಳೆದಿತ್ತು.

ಆ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. ಅವರು ಪಕ್ಕದ ಬಂಡೆಯ ಮೇಲೆ ನನ್ನ ಜೊತೆ ಕೂತರು.

ಈಗಲೂ ಅಲ್ಲಿ ನಡೆಯುವಾಗ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ, ಯಜಮಾನರು ಬಂದು ಸೇರಿಕೊಳ್ಳಲಿ ಎಂಬಂತೆ.