ಹಂಸಿನಿ ಬರೆಯದೆ ಬಿಟ್ಟ ಸಾಲು

ಹ್ಯಾರಿಸನ್ ರೈಲು ಸ್ಟೇಷನ್ನಿನ ಮೆಟ್ಟಿಲಿಳಿಯುವವರನ್ನು ಹಿಂದಿನಿಂದ ನೋಡಿಯೇ ಯಾರಿಗೆ ಯಾವ ಮೊಣಕಾಲು ನೋಯುತ್ತಿದೆ ಎಂದು ಹಂಸಿನಿ ಹೇಳಬಲ್ಲವಳಾಗಿದ್ದಳು. ಹುಟ್ಟಿ ಬೆಳೆದದ್ದು ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ. ಅಪ್ಪ ನಾಗಲಿಂಗಪ್ಪ ಧಾರವಾಡದವರು, ಸೇತುವೆಗಳ ಇಂಜಿನಿಯರ್ ಆಗಿ ನಿವೃತ್ತರಾದವರು. ಮಗಳು ಡಾಕ್ಟರಾಗುವ ಬದಲು ಫಿಸಿಯೋಥೆರಪಿ ಓದುತ್ತೇನೆಂದಾಗ ಅಪ್ಪ ಕೆಲವು ದಿನ ಮಾತು ಬಿಟ್ಟಿದ್ದರು. ಅವರನ್ನು ಒಪ್ಪಿಸಿದ್ದು ಜಯತೀರ್ಥ ಅಂಕಲ್.

ಜಯತೀರ್ಥ ಅಪ್ಪನ ಕಾಲೇಜು ಗೆಳೆಯ, ಹೆಸರಾಂತ ಮೂಳೆ ಶಸ್ತ್ರವೈದ್ಯ. ಪ್ಯಾಸೈಕ್ ಹೆರನ್ಸ್ ಎಂಬ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅವರೇ ಮುಖ್ಯ ವೈದ್ಯರು. ಹಂಸಿನಿ ಓದು ಮುಗಿಸಿದ ಮೇಲೆ ಅವಳನ್ನು ತಂಡಕ್ಕೆ ಸೇರಿಸಿದವರೂ ಅವರೇ. ಕನ್ನಡ ಕೂಟದಲ್ಲಿ ಯಾರಾದರೂ ಅವಳ ಕೆಲಸದ ಬಗ್ಗೆ ಕೇಳಿದರೆ ಅವಳಿಗಿಂತ ಮೊದಲು ಅಂಕಲ್ಲೇ ಉತ್ತರ ಕೊಡುತ್ತಿದ್ದರು, ಅದೂ ಹೆಮ್ಮೆಯಿಂದ.

ಅವಳು ಸೇರಿದ ಆರನೆಯ ವರ್ಷ, ಅಕ್ಟೋಬರಿನ ಒಂದು ಭಾನುವಾರ, ತಂಡದ ಓಟಗಾರ ಟೆರೆಲ್ ಗೇನ್ಸ್ ಆಟದ ನಡುವೆ ಬಿದ್ದ. ನೆವಾರ್ಕಿನ ಹುಡುಗ, ಆಗ ಇಪ್ಪತ್ತೇಳು. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗುಂಪಿನೊಳಗೆ ನುಗ್ಗುವುದು ಅವನ ಕೆಲಸ. ಅಂದು ಅವನನ್ನು ಯಾರೂ ಮುಟ್ಟಿರಲಿಲ್ಲ. ಬಲಗಾಲೂರಿ ಎಡಕ್ಕೆ ಹೊರಳಿದ, ಮೊಣಕಾಲು ಒಳಕ್ಕೆ ಮಡಚಿಕೊಂಡಿತು, ಅಷ್ಟೆ. ಒಳಗೆ ಎಲುಬುಗಳನ್ನು ಬಿಗಿದಿಡುವ ಎರಡು ಲಿಗಮೆಂಟ್ ಹರಿದಿದ್ದವು. ಜಯತೀರ್ಥ ಆಪರೇಷನ್ ಮಾಡಿದರು. ಅವನನ್ನು ಮತ್ತೆ ಓಡಿಸುವ ಹೊಣೆ ಹಂಸಿನಿಯ ಮೇಲೆ ಬಿತ್ತು.

ಹತ್ತು ತಿಂಗಳು, ವಾರಕ್ಕೆ ಐದು ದಿನ. ಮೊದಲ ವಾರಗಳಲ್ಲಿ ಕಾಲನ್ನು ಮಂಚದಿಂದ ನಾಲ್ಕು ಬೆರಳು ಎತ್ತುವುದಕ್ಕೇ ಆ ಬೆಟ್ಟದಂಥ ಆಳು ಬೆವರುತ್ತಿದ್ದ. ತೊಡೆ ಕರಗಿ ಇನ್ಯಾರದೋ ಕಾಲಿನಂತೆ ಕಾಣುತ್ತಿತ್ತು. ತಮಾಷೆ ಮಾಡುತ್ತಿದ್ದ, ಬೈಯುತ್ತಿದ್ದ, ಒಮ್ಮೊಮ್ಮೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದ. ಏಪ್ರಿಲ್‌ನಲ್ಲಿ ಓಡತೊಡಗಿದ. ನೇರ ಓಟಕ್ಕೆ ತೊಂದರೆಯಿರಲಿಲ್ಲ. ಆದರೆ ಎಡಕ್ಕೆ ಹೊರಳಬೇಕಾದಾಗ ಅರೆ ಕ್ಷಣ ಹಿಂಜರಿಯುತ್ತಿದ್ದ. ಹಂಸಿನಿ ಕೇಳಿದಾಗ ಕಾಲು ತನ್ನ ಮಾತು ಕೇಳುತ್ತದೆಂಬ ನಂಬಿಕೆಯಿಲ್ಲ, ಭಯವಾಗುತ್ತದೆ ಎಂದು ಒಪ್ಪಿಕೊಂಡ. ಹೆಂಡತಿಗೂ ಇದನ್ನು ಹೇಳಿರಲಿಲ್ಲವಂತೆ. ಹಂಸಿನಿ ಪ್ರತಿದಿನದ ಅಭ್ಯಾಸ ಬರೆದಿಡುವ ತನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಇದು ಹೋಗುತ್ತದೆ, ಆದರೆ ಅವಸರ ಮಾಡಬಾರದು ಎಂದಳು. ಆಗಸ್ಟ್ ಕೊನೆಯ ಶುಕ್ರವಾರ ಕೂಡ ಇನ್ನೂ ಎಂಟು ವಾರ ಬೇಕೆಂದೇ ಅವನಿಗೆ ಹೇಳಿದ್ದಳು.

ಮರುವಾರ ಮಂಗಳವಾರ ಜಯತೀರ್ಥ ಅವಳನ್ನು ತಮ್ಮ ಕೋಣೆಗೆ ಕರೆದರು. ಟೆರೆಲ್‌ನ ಫಿಟ್‌ನೆಸ್ ವರದಿ ಮೇಜಿನ ಮೇಲಿತ್ತು. ತೊಡೆಯ ಶಕ್ತಿ, ಜಿಗಿತ, ಓಟದ ವೇಗ, ಎಲ್ಲ ಅಂಕಿಗಳೂ ಬೇಕಾದ ಮಟ್ಟ ಮುಟ್ಟಿದ್ದವು. ಅವಳದೇ ಅಳತೆಗಳು, ಒಂದೂ ಸುಳ್ಳಿರಲಿಲ್ಲ. ಎಡಕ್ಕೆ ಹೊರಳುವಾಗ ಹಿಂಜರಿಯುತ್ತಾನೆ ಎಂಬುದನ್ನೂ ಸೇರಿಸಬೇಕು ಎಂದಳು. ಅಂಕಲ್ ಕನ್ನಡಕ ತೆಗೆದಿಟ್ಟು ಮೃದುವಾಗಿ ಹೇಳಿದರು: "ಅದನ್ನ ಬರದ್ರ ಅವಂಗ ಪ್ರಾಕ್ಟೀಸಿಗೆ ಬಿಡೂದಿಲ್ಲ ನೋಡವಾ. ಪಾಪ, ಹುಡುಗ ಆಡಬೇಕಂತಾನ. ಅವನ ಜಾಗಾ ಎಲ್ಲೂ ಹೋಗೂದಿಲ್ಲ, ನಾ ಇದ್ದೀನಲ್ಲ."

ಅವಳು ಆ ಸಾಲು ಬರೆಯಲಿಲ್ಲ. ಸಹಿ ಹಾಕಿದಳು. ಅವನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೇ ಹಾಕಿದಳು.

ಬುಧವಾರ ಬೆಳಿಗ್ಗೆ ಹೆರನ್ಸ್ ಟೆರೆಲ್‌ನನ್ನು ತಂಡದಿಂದ ಕೈಬಿಟ್ಟಿತು. ಒಪ್ಪಂದದ ಪ್ರಕಾರ ಗಾಯಾಳುವನ್ನು ಹಾಗೆ ಬಿಡುವಂತಿರಲಿಲ್ಲ. ಬಿಟ್ಟರೆ ಆ ವರ್ಷದ ಸಂಬಳ, ಚಿಕಿತ್ಸೆ ಎಲ್ಲ ತಂಡದ ತಲೆಗೇ ಬರುತ್ತಿತ್ತು. ಗುಣವಾದವನನ್ನು ಬಿಡುವುದಕ್ಕೆ ಯಾವ ತಡೆಯೂ ಇಲ್ಲ. ಅವನು ಗುಣವಾಗಿದ್ದಾನೆ ಎನ್ನುವುದಕ್ಕೆ ಹಂಸಿನಿಯ ಸಹಿ ಇತ್ತು.

ಅವನು ಲಾಕರ್ ಖಾಲಿ ಮಾಡಲು ಬಂದಾಗ ಅವಳು ಅಭ್ಯಾಸದ ಕೋಣೆಯಲ್ಲೇ ಇದ್ದಳು. ಅವನು ಕೂಗಾಡಲಿಲ್ಲ. ಬಾಗಿಲ ಹತ್ತಿರ ನಿಂತು, "ನನಗೆ ಭಯ ಅಂತ ನಿನ್ನೊಬ್ಬಳಿಗೇ ಹೇಳಿದ್ದೆ," ಎಂದ. "ಎಂಟು ವಾರ ಅಂದವಳೂ ನೀನೇ." ಹಾಗೆಂದು ಹೊರಟುಹೋದ.

ಆ ಮಧ್ಯಾಹ್ನವೇ ಅವಳು ಟ್ರೈನ್ ಹಿಡಿದು ಮ್ಯಾನ್‌ಹಟನ್ನಿನಲ್ಲಿದ್ದ ಅಂಕಲ್ ಅವರ ಕ್ಲಿನಿಕ್ಕಿಗೆ ಹೋದಳು. ಕಾಯಿಸಿ ಒಳಗೆ ಕರೆದರು. ಅವಳು ಕೂರಲಿಲ್ಲ.

"ಅಂಕಲ್, ನಿಮಗೆ ಮೊದಲೇ ಗೊತ್ತಿತ್ತಾ?"

ಜಯತೀರ್ಥ ಸುಳ್ಳು ಹೇಳಲಿಲ್ಲ. "ಗೊತ್ತಿತ್ತವಾ. ಕೈಬಿಡೂವ್ರ ಲಿಸ್ಟ್ ಸೋಮವಾರನ ಡಿಸೈಡ್ ಆಗಿತ್ತು. ನಿನಗ ಹೇಳಿದ್ರ ನೀ ಸೈನ್ ಮಾಡ್ತಿದ್ದಿಲ್ಲ."

ಅವರ ದನಿಯಲ್ಲಿ ಅಪರಾಧಿ ಭಾವವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳಿಗೆ ಸಹಿಸಲಾಗದೆ ಹೋದದ್ದು ಅದೇ. ಅವಳ ಒಳ್ಳೆಯತನ ಎಲ್ಲಿ ಬಗ್ಗುತ್ತದೆಂದು ಚಿಕ್ಕಂದಿನಿಂದ ನೋಡಿದ್ದ ಮನುಷ್ಯ ಲೆಕ್ಕ ಹಾಕಿ ಅಲ್ಲೇ ಒತ್ತಿದ್ದರು. ಮರುದಿನ ಕೆಲಸ ಬಿಟ್ಟಳು.

ಗುಣವಾಗುವ ಮೊದಲೇ ಕೈಬಿಟ್ಟರೆಂದು ಟೆರೆಲ್ ತಂಡದ ವಿರುದ್ಧ ದೂರು ಕೊಟ್ಟಿದ್ದ. ಹಂಸಿನಿ ತಾನಾಗಿಯೇ ಅವನ ವಕೀಲರಿಗೆ ಫೋನ್ ಮಾಡಿದಳು. ಮಾರ್ಚ್‌ನಲ್ಲಿ ವಿಚಾರಣೆ ನಡೆಯಿತು. ಅವಳು ತನ್ನ ನೋಟ್‌ಬುಕ್ ತೆರೆದು, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅವನ ಹಿಂಜರಿಕೆಯ ಬಗ್ಗೆ ಬರೆದದ್ದನ್ನೆಲ್ಲ ಓದಿದಳು. ತಂಡದ ವಕೀಲ ಅವಳ ಸಹಿಯಿದ್ದ ವರದಿಯನ್ನು ಮುಂದೆ ಹಿಡಿದು, ಇದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ ಎಂದು ಕೇಳಿದ.

"ಅದರಲ್ಲಿ ಬರೆದದ್ದು ನಿಜ," ಎಂದಳು. "ಬರೆಯದೆ ಬಿಟ್ಟದ್ದರಿಂದ ಅದು ಸುಳ್ಳಾಯಿತು. ಬಿಟ್ಟವಳು ನಾನು."

ಯಾಕೆ ಬಿಟ್ಟಿರಿ ಎಂದಾಗ ಜಯತೀರ್ಥರ ಮಾತುಗಳನ್ನು ಇದ್ದಂತೆಯೇ ಹೇಳಿದಳು. ಅವರು ಎದುರಿಗೇ ಕೂತಿದ್ದರು, ಅವಳ ಕಡೆ ನೋಡಲಿಲ್ಲ. ಟೆರೆಲ್ ಕೂಡ ನೋಡಲಿಲ್ಲ. ವಿರಾಮದಲ್ಲಿ ಕಾರಿಡಾರಿನಲ್ಲಿ ಎದುರಾದಾಗ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಗುರುತಿಲ್ಲದವರಿಗೆ ಬಿಡುವ ಹಾಗೆ.

ತೀರ್ಪು ಅವನ ಕಡೆಗಾಯಿತು. ಸಂಬಳವೂ ಚಿಕಿತ್ಸೆಯೂ ದಕ್ಕಿದವು. ಆಟ ದಕ್ಕಲಿಲ್ಲ. ಇಪ್ಪತ್ತೆಂಟು ತುಂಬಿದ, ಒಮ್ಮೆ ಕೊಯ್ದ ಮೊಣಕಾಲಿನ ಓಟಗಾರನನ್ನು ಯಾವ ತಂಡವೂ ಕರೆಯಲಿಲ್ಲ. ಜಯತೀರ್ಥ ಮುಖ್ಯ ವೈದ್ಯರಾಗಿಯೇ ಉಳಿದರು.

ಹಂಸಿನಿ ಸಾಕ್ಷಿ ಹೇಳಿದ ಸುದ್ದಿ ತಿಳಿದ ವಾರ ಅವಳು ಅಪ್ಪನ ಮನೆಗೆ ಹೋದಾಗ ಅಮ್ಮ ಪದ್ಮಜಾ ಊಟಕ್ಕೆ ಬಡಿಸಿದರು. ಅಪ್ಪ ತಟ್ಟೆಯಿಂದ ತಲೆಯೆತ್ತದೆ, "ನಲವತ್ತು ವರ್ಷದ ಗೆಳೆತನ. ಹೋಗೂ ಮುಂಚೆ ನನ್ನ ಒಂದು ಮಾತು ಕೇಳಬೇಕಿತ್ತು," ಎಂದರು.

"ಕೇಳಿದ್ರೆ ಏನ್ ಹೇಳ್ತಿದ್ರಿ ಅಪ್ಪ?"

ನಾಗಲಿಂಗಪ್ಪ ಕೈ ತೊಳೆಯಲು ಎದ್ದರು. ಆ ವರ್ಷದ ಯುಗಾದಿಯ ಫೋಟೋಗಳು ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದವು. ಮೊದಲ ಸಾಲಿನಲ್ಲಿ ಜಯತೀರ್ಥ, ಅವರ ಪಕ್ಕದಲ್ಲಿ ಅಪ್ಪ, ಇಬ್ಬರೂ ಏನಕ್ಕೋ ನಗುತ್ತಿದ್ದರು. ಅವಳು ಫೋನ್ ಕೆಳಗಿಟ್ಟಳು. ಆಮೇಲೆ ಈಸ್ಟ್ ಬ್ರನ್ಸ್‌ವಿಕ್‌ಗೆ ಹೋಗುವುದು ಕಡಿಮೆಯಾಯಿತು.

ಈಗ ಅವಳು ನೆವಾರ್ಕಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿದ್ದಾಳೆ. ಬಸ್ ಡ್ರೈವರುಗಳು, ಗೋದಾಮಿನ ಕೆಲಸಗಾರರು, ಅಜ್ಜಿಯರು ಬರುತ್ತಾರೆ. ಮೊದಲ ದಿನವೇ ಅವರ ಪಕ್ಕ ಕೂತು, ತಾನು ಬರೆಯುವುದನ್ನು ಯಾರ್‍ಯಾರು ಓದುತ್ತಾರೆ, ಅದರಿಂದ ಅವರ ಕೆಲಸಕ್ಕೆ ಏನಾಗಬಹುದು ಎಂದು ಬಿಡಿಸಿ ಹೇಳುತ್ತಾಳೆ. ಹಲವರಿಗೆ ಬೇಸರ ಬರುತ್ತದೆ. ಅವಳು ನಿಲ್ಲಿಸುವುದಿಲ್ಲ.

ಟೆರೆಲ್‌ಗೆ ಒಂದು ಕಾಗದ ಬರೆದಿದ್ದಳು. ಉತ್ತರ ಬರಲಿಲ್ಲ. ಪೆನ್ಸಿಲ್ವೇನಿಯಾದ ಯಾವುದೋ ಶಾಲೆಯಲ್ಲಿ ಕೋಚ್ ಆಗಿದ್ದಾನೆಂದು ಅವನ ವಕೀಲರಿಂದ ಗೊತ್ತಾಯಿತು. ಕ್ಷಮಿಸಿದ್ದಾನೋ ಇಲ್ಲವೋ ಎಂದು ಕೇಳುವ ಆಸೆ ಅವಳಿಗಿಲ್ಲ. ಈಗ ಎಡಕ್ಕೆ ಹೊರಳುವಾಗ ಕಾಲು ಹೇಗಿದೆ ಎಂದು ಮಾತ್ರ ತಿಳಿಯಬೇಕಿತ್ತು. ಅದನ್ನು ಕೇಳುವ ಹಕ್ಕು ಅವಳಿಗೆ ಉಳಿದಿಲ್ಲ.