ಗೋಲಿ ಯಾದವನ ಹೆಂಡತಿ

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಆ ಮೂರು ತಿಂಗಳು ಬೊಕ್ಕಪಟ್ಣದ ಮೊಗವೀರ ಗಂಡಸರಿಗೆ ಫುಟ್ಬಾಲಿನದೇ ಹುಚ್ಚು. ಸುಂದರಿ ಪೇಟೆಯಲ್ಲಿ ಒಣಮೀನು ಮಾರಿ, ಖಾಲಿ ಬುಟ್ಟಿಯನ್ನೇ ತಲೆಗೆ ಕವುಚಿಕೊಂಡು ಹಂಪನಕಟ್ಟೆಯ ಹತ್ತಿರದ ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದಳು. ಅಲ್ಲಿ ಬೇರೆ ಹೆಂಗಸರು ಇರುತ್ತಿರಲಿಲ್ಲ. ಅವಳಿಗೆ ಅದರ ಪರಿವೆಯೂ ಇರಲಿಲ್ಲ. ಅವಳ ಗಂಡ ಯಾದವ ಗೋಲು ಕಾಯುವವನು. ಊರವರ ಬಾಯಲ್ಲಿ ಗೋಲಿ ಯಾದವ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು, ಚೆಂಡು ಬಂದ ಕಡೆಗೆ ಇಡೀ ಮೈ ಎಸೆಯುತ್ತಿದ್ದ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ತಾಳೆಗರಿಯ ಕೊಡೆಯಲ್ಲಿ ಮನೆಗೆ ನಡೆಯುತ್ತಿದ್ದರು. ತಪ್ಪಿಹೋದ ಒಂದು ಗೋಲಿನ ಬಗ್ಗೆ ಅವನು ದಾರಿಯುದ್ದಕ್ಕೂ ಗೊಣಗುತ್ತಿದ್ದ. ಹಾಗೆ ಕಳೆದದ್ದು ನಾಲ್ಕೇ ಮಳೆಗಾಲ.

೧೯೪೦ರ ಒಂದು ಪಂದ್ಯದಲ್ಲಿ ಎದುರಿನ ತಂಡದವನ ಬೂಟು ಯಾದವನ ಬಲಗೈ ಮೇಲೆ ಬಿತ್ತು. ಎರಡು ಬೆರಳು ಮುರಿದು, ಮತ್ತೆ ಮಡಚಲು ಬರದ ಹಾಗೆ ಕೂಡಿಕೊಂಡವು. ಆ ಕೈಯಲ್ಲಿ ಬಲೆಯ ಹಗ್ಗ ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ಅವನು ಬೊಂಬಾಯಿಗೆ ಹೋಗಿ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಯಾರದೋ ಕೈಯಲ್ಲಿ ಬರೆಸಿದ ಕಾಗದಗಳು ಬಂದವು. ಕೊನೆಯದು ೧೯೪೧ರ ನವೆಂಬರಿನಲ್ಲಿ ರಂಗೂನಿನಿಂದ. ಮುಂದಿನ ತಿಂಗಳು ರಂಗೂನಿನ ಮೇಲೆ ಬಾಂಬು ಬಿತ್ತೆಂದು ಊರಿಡೀ ಸುದ್ದಿಯಾಯಿತು.

ಯಾದವನ ತಾಯಿ ಅಮ್ಮಣ್ಣಿ ಅದಾಗಲೇ ಹಾಸಿಗೆ ಹಿಡಿದಿದ್ದಳು. ಸುಂದರಿ ಹಡಗಿನ ಏಜೆಂಟರ ಬಾಗಿಲಿಗೆ ಹೋದಳು, ಅಂಚೆಯವರನ್ನು ಕಾಡಿದಳು. ಎಲ್ಲೂ ಉತ್ತರ ಸಿಗಲಿಲ್ಲ. ಆಗ ಅವಳಿಗೆ ಹೊಳೆದದ್ದು ಮೈದಾನ. ಪರವೂರಿನಿಂದ ಬಂದ ಗಂಡಸರು ಯಾವತ್ತಾದರೂ ಒಂದು ಸಲ ಪಂದ್ಯ ನೋಡಲು ಬಂದೇ ಬರುತ್ತಾರೆ. ೧೯೪೨ರ ಮಳೆಗಾಲದಲ್ಲಿ ಅವಳು ಒಂದು ಪಂದ್ಯವನ್ನೂ ಬಿಡಲಿಲ್ಲ. ಆಟದ ಕಡೆ ತಿರುಗಿಯೂ ನೋಡದೆ, ಹೊಸ ಮುಖ ಕಂಡಲ್ಲೆಲ್ಲ ಹೋಗಿ ಯಾದವನ ಸುದ್ದಿ ಕೇಳಿದಳು. ಕೆಲವರು ನಕ್ಕರು. ಹಲವರು ದೂರ ಸರಿದರು.

ಆಗಸ್ಟಿನಲ್ಲಿ ಒಬ್ಬ ಸಿಕ್ಕಿದ. ಹೆಸರು ರುಡೊಲ್ಫ್, ರಂಗೂನಿನ ಬಂದರಿನಲ್ಲಿ ಗುಮಾಸ್ತನಾಗಿದ್ದವನು. ಕಾಡು ದಾರಿ ಹಿಡಿದು ನಡೆದು ಬಂದು, ಎಲುಬು ಚರ್ಮ ಆಗಿದ್ದ. ಬಲಗೈಯ ಎರಡು ಬೆರಳು ಮಡಚದವನು ಎಂದು ಅವಳು ಹೇಳುತ್ತಲೇ ಅವನ ಮುಖ ಬದಲಾಯಿತು.

"ಗೊತ್ತುಂಟು. ಆದಿತ್ಯವಾರ ಹಡಗಿನವರು ಆಡುವಾಗ ಅವನೇ ಗೋಲಿ," ಎಂದ. ಮೈದಾನದ ಕಡೆಗೆ ಮುಖ ತಿರುಗಿಸಿ, "ಬಾಂಬು ಬಿದ್ದ ದಿನ ಅವನ ಹಡಗು ಬಂದರಿನ ಧಕ್ಕೆಗೇ ಕಟ್ಟಿತ್ತು. ಅದು ಮುಳುಗಿತು, ಒಳಗಿದ್ದವರು ಯಾರೂ ಮೇಲೆ ಬರಲಿಲ್ಲ," ಎಂದ.

"ಆ ದಿನ ನೀವು ಅವರನ್ನು ನೋಡಿದ್ದೀರಾ?"

"ಹಡಗು ಮುಳುಗಿದ್ದು ನೋಡಿದ್ದೇನೆ. ಅವನನ್ನು ನೋಡಲಿಲ್ಲ."

ಸುಂದರಿ ಆ ಕೊನೆಯ ಮಾತನ್ನು ಮಾತ್ರ ಮನಸ್ಸಿನಲ್ಲಿ ಹಿಡಿದು ಮನೆಗೆ ಬಂದಳು. ಯಾದವನನ್ನು ರಂಗೂನಿನಲ್ಲಿ ಕಂಡವರು ಸಿಕ್ಕಿದ್ದಾರೆ, ಅವನು ಅಲ್ಲಿ ಆಡುತ್ತಾನಂತೆ ಎಂದು ಅತ್ತೆಗೆ ಹೇಳಿದಳು. ಅಮ್ಮಣ್ಣಿ ಎಷ್ಟೋ ದಿನದ ಮೇಲೆ ಎದ್ದು ಕೂತು ಗಂಜಿ ಕುಡಿದಳು. ಮರುದಿನ ಆ ಮನುಷ್ಯನ ಬಾಯಿಂದಲೇ ಕೇಳಬೇಕೆಂದು ಹಠ ಹಿಡಿದಳು.

ಸುಂದರಿ ರುಡೊಲ್ಫನ ಮನೆ ಹುಡುಕಿಕೊಂಡು ಹೋಗಿ ಅಂಗಳದಲ್ಲಿ ನಿಂತು ಬೇಡಿದಳು. ಬಾಂಬು ಬಿದ್ದ ಮೇಲೂ ಅವರನ್ನು ಕಂಡೆ ಎಂದು ಒಂದು ಸುಳ್ಳು ಹೇಳಿ, ಹಾಸಿಗೆ ಹಿಡಿದ ಮಾಮಿಯ ಜೀವ ಉಳಿಯುತ್ತದೆ ಎಂದಳು. ಸುಳ್ಳು ಹೇಳಲು ತನ್ನಿಂದ ಆಗುವುದಿಲ್ಲ ಎಂದು ಅವನು ಒಳಗೆ ಹೋದ. ಆದರೂ ಸಂಜೆ ಬೊಕ್ಕಪಟ್ಣಕ್ಕೆ ಬಂದ.

ಮುದುಕಿಯ ಚಾಪೆಯ ಪಕ್ಕದಲ್ಲಿ ಕೂತು ಒಂದು ಗಂಟೆ ಆಟದ ವಿಷಯವನ್ನೇ ಹೇಳಿದ. ಯಾದವ ಮಡಚದ ಬೆರಳನ್ನು ಬಿಟ್ಟು ಮುಷ್ಟಿಯಿಂದಲೇ ಚೆಂಡು ಗುದ್ದುತ್ತಿದ್ದದ್ದು, ಚಟಗಾಂವಿನ ಹಡಗಿನವರನ್ನು ಸೋಲಿಸಿದ ದಿನ ಜನ ಅವನನ್ನು ಹೆಗಲ ಮೇಲೆ ಹೊತ್ತದ್ದು. ಎಲ್ಲವೂ ನಡೆದದ್ದೇ. ಬಾಂಬು ಬಿದ್ದ ಡಿಸೆಂಬರಿಗೆ ಕಥೆ ಮುಟ್ಟುವ ಮೊದಲೇ ಅವನು ಮಾತು ನಿಲ್ಲಿಸಿದ.

"ಊರಿಗೆ ಬರುವ ಮಾತು ಹೇಳ್ತಿದ್ದನಾ?" ಎಂದು ಅಮ್ಮಣ್ಣಿ ಕೇಳಿದಳು.

"ಯಾವಾಗಲೂ ಹೇಳ್ತಿದ್ದ, ಅಮ್ಮಾ," ಎಂದ ರುಡೊಲ್ಫ್. ಹೊರಗೆ ಬಂದು ಬೇಲಿ ಹಿಡಿದುಕೊಂಡು ಅತ್ತ. ಸುಂದರಿ ಅಳಲಿಲ್ಲ.

ಅಮ್ಮಣ್ಣಿ ದೀಪಾವಳಿಯ ಮೊದಲೇ ತೀರಿಕೊಂಡಳು. ತಾಯಿಯ ಉತ್ತರಕ್ರಿಯೆಯ ದಿನ, ಈ ಬೊಜ್ಜದ ಜೊತೆಗೇ ಮಗನದ್ದನ್ನೂ ಮುಗಿಸಿಬಿಡೋಣ ಎಂದು ಯಾದವನ ಸೋದರಮಾವ ದೂಮಪ್ಪ ಹೇಳಿದಾಗ, ಸುಂದರಿ ಊಟಕ್ಕೆ ಹಾಕಿದ್ದ ಬಾಳೆಲೆಗಳನ್ನು ಎತ್ತಿ ಅಂಗಳಕ್ಕೆ ಎಸೆದಳು. ಕಂಡವರಿಲ್ಲದೆ ಹೇಗೆ ಸತ್ತರೆನ್ನುತ್ತೀರಿ ಎಂದು ಕೇಳಿದಳು. ಮಗನ ಬೊಜ್ಜ ಅಂದು ನಡೆಯಲಿಲ್ಲ.

ಮತ್ತೆ ನಾಲ್ಕು ಮಳೆಗಾಲ ಮೈದಾನಕ್ಕೆ ಹೋದಳು. ಆಟಗಾರರು ಅವಳ ಕಣ್ಣು ತಪ್ಪಿಸಿ ನಡೆಯತೊಡಗಿದರು. ಯುದ್ಧ ಮುಗಿದು ಹಡಗಿನವರು ಒಬ್ಬೊಬ್ಬರಾಗಿ ಮರಳಿದರು. ಪ್ರತಿಯೊಬ್ಬನನ್ನೂ ಕೇಳಿದಳು.

೧೯೪೬ರ ಒಂದು ಪಂದ್ಯದಲ್ಲಿ ಉರ್ವದ ತಂಡದ ಎಳೆಯ ಗೋಲಿಯೊಬ್ಬ ಬಾರಿಬಾರಿಗೂ ಚೆಂಡು ತಡೆಯುತ್ತಿದ್ದ. ಸುಂದರಿ ನೋಡುತ್ತ ನಿಂತಳು. ಜನರ ಜೊತೆ ಅವಳೂ ಕೂಗಿದಳು. ಮನೆಯ ಮೆಟ್ಟಿಲು ಹತ್ತುವಾಗ ನೆನಪಾಯಿತು, ಅಲ್ಲೇ ಕುಸಿದಳು. ನೆರೆಮನೆಯ ಲಕ್ಷ್ಮೀ ಓಡಿಬಂದು ಎಂತಾಯಿತು ಎಂದು ಕೇಳಿದಳು.

"ಇವತ್ತು ಅವರ ಸುದ್ದಿ ಕೇಳ್ಲಿಕ್ಕೆ ಮರೆತೆ ಲಕ್ಷ್ಮೀ," ಎಂದಳು ಸುಂದರಿ. "ನಾನೇ ಮರೆತೆ."

ಐದು ಮಳೆಗಾಲ ತಡೆದಿಟ್ಟ ಅಳು ಅಂದು ನಿಲ್ಲಲಿಲ್ಲ. ಎಂಟು ದಿನ ಒಲೆ ಹಚ್ಚಲಿಲ್ಲ. ಒಂಬತ್ತನೆಯ ದಿನ ತಾನಾಗಿಯೇ ದೂಮಪ್ಪನ ಮನೆಗೆ ನಡೆದು, ಯಾದವನ ಬೊಜ್ಜಕ್ಕೆ ದಿನ ಗೊತ್ತುಮಾಡಿ ಎಂದು ಹೇಳಿದಳು.